ಶ್ರುತಿ ದಾಟುತ್ತೆ, ತಾಳ ದಾಟಲ್ಲ

ತಮ್ಮ: ಅಕ್ಕ, ಒಂದು ವಿಷಯದಲ್ಲಿ ನಿನ್ನ ಸಲಹೆ ಬೇಕು. ಮಗಳ ಹತ್ತನೇ ತರಗತಿ ಓಪನ್ ಸ್ಕೂಲಿನಲ್ಲಿ ಅಂತ ಹೇಳಿದ್ದೆನಲ್ಲ. ನನಗೋ ಮೇಲಿಂದ ಮೇಲೆ ವರ್ಗ. ಹೋದ ಊರಲ್ಲೆಲ್ಲ ಹೊಸ ಶಾಲೆ ಹುಡುಕಿ ಸಾಕಾಗಿ, ಮನೆಯಲ್ಲೇ ಕೂತು ಆನ್‌ಲೈನ್ ಪಾಠ ಕೇಳಲಿ ಅಂತ ತೀರ್ಮಾನ ಮಾಡಿದ್ವಿ. ಐದು ವಿಷಯ ಆರಿಸಬೇಕು. ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ, ಇಷ್ಟಕ್ಕೆ ತಕರಾರಿಲ್ಲ. ಐದನೆಯದಕ್ಕೆ ನಾನು ಡೇಟಾ ಎಂಟ್ರಿ ಅಂದೆ. ಅವಳು ಚಿತ್ರಕಲೆ, ಇಲ್ಲವಾದರೆ ಕರ್ನಾಟಕ ಸಂಗೀತ, ಎರಡರಲ್ಲಿ ಒಂದು ಬೇಕೇ ಬೇಕು ಅಂತ ಹಟ ಹಿಡಿದಿದ್ದಾಳೆ.

ಅಕ್ಕ: ಹಟ ಹಿಡಿದಿದ್ದಾಳಲ್ಲ, ಒಳ್ಳೇದೇ ಆಯ್ತು. ನಿನ್ನ ಅಡ್ಡಿ ಏನು?

ತಮ್ಮ: ಅಡ್ಡಿ ಅಂತಲ್ಲ, ಅನುಮಾನ. ಸಮಾಜ ವಿಜ್ಞಾನವನ್ನ ಕಂಪ್ಯೂಟರ್ ಮುಂದೆ ಕೂತು ಕಲಿಯಬಹುದು. ಸಂಗೀತವನ್ನ ಹೇಗೆ ಕಲಿಯೋದು? ನೀನು ಹೈಸ್ಕೂಲಿನಲ್ಲಿ ಪಾಠ ಮಾಡ್ತಿದ್ದಾಗ ಮಕ್ಕಳನ್ನ ಎದುರಿಗೆ ಕೂರಿಸಿಕೊಂಡು, ತೊಡೆ ತಟ್ಟಿಸಿ ತಾಳ ಹಾಕಿಸ್ತಿದ್ದೆ. ಭಾವ ಡ್ರಾಯಿಂಗ್ ಮೇಷ್ಟ್ರಾಗಿ ಹುಡುಗರ ಕೈ ಹಿಡಿದು ಗೆರೆ ಎಳೆಸ್ತಿದ್ರು. ಅದೆಲ್ಲ ಪರದೆ ಮೇಲೆ ಆಗೋ ಮಾತಾ? ಎಲ್ಲರೂ ಸುಲಭವಾಗಿ ಅಂಕ ಬರೋ ವಿಷಯ ಅಂತಾರೆ. ಅಂಕ ಬಂದು ವಿದ್ಯೆ ಬರದೇ ಹೋದರೆ ಏನು ಪ್ರಯೋಜನ?

ಅಕ್ಕ: ಸುಲಭದ ಅಂಕ ಅನ್ನೋ ಮಾತನ್ನ ಮೊದಲು ತಲೆಯಿಂದ ತೆಗೆದುಹಾಕು. ಎನ್‌ಐಒಎಸ್‌ನಲ್ಲಿ ಅಂದರೆ ಈ ಓಪನ್ ಸ್ಕೂಲಿನಲ್ಲಿ ಚಿತ್ರಕಲೆಗೆ ಲಿಖಿತ ಪರೀಕ್ಷೆ 30 ಅಂಕಕ್ಕೆ, ಪ್ರಯೋಗ 70ಕ್ಕೆ. ಅಜಂತಾ, ಮೊಹೆಂಜೊದಾರೊ, ಯುರೋಪಿನ ಪುನರುಜ್ಜೀವನ ಅಂತೆಲ್ಲ ಬಾಯಿಪಾಠ ಮಾಡಿ 30 ಗಿಟ್ಟಿಸಬಹುದೇನೋ. ಉಳಿದ 70ಕ್ಕೆ ಪರೀಕ್ಷಾ ಕೇಂದ್ರಕ್ಕೆ ಹೋಗಿ, ಕಾಗದ ಹರಡಿಕೊಂಡು, ಎದುರಿಗೆ ಇಟ್ಟ ವಸ್ತುವನ್ನ ನೋಡಿ ಬರೆಯಬೇಕು. ಆನ್‌ಲೈನ್ ಪಾಠ ಎಷ್ಟು ಗಂಟೆ ಕೇಳಿದೆ ಅಂತ ಅಲ್ಲಿ ಯಾರೂ ಕೇಳಲ್ಲ. ಸಂಗೀತಕ್ಕೂ ಹಾಗೇ, ಬರೆಯೋದೂ ಉಂಟು, ಹಾಡೋದೂ ಉಂಟು. ಕೈಯಲ್ಲಿ, ಗಂಟಲಲ್ಲಿ ವಿದ್ಯೆ ಕೂತಿಲ್ಲದ ಮಗು ಅಲ್ಲಿ ಸಿಕ್ಕಿಬೀಳುತ್ತೆ.

ತಮ್ಮ: ನನ್ನ ಭಯವೂ ಅದೇ. ಕೂರಿಸೋದು ಹೇಗೆ?

ಅಕ್ಕ: ದೂರದ ಪಾಠ ಹೊಸದಲ್ಲ ಕಣೋ. ಈ ಓಪನ್ ಸ್ಕೂಲು 1979ರಲ್ಲಿ ಸಿಬಿಎಸ್‌ಇಯ ಒಂದು ಯೋಜನೆಯಾಗಿ ಶುರುವಾಯ್ತು, 1989ರಲ್ಲಿ ಸ್ವಂತ ಸಂಸ್ಥೆ ಆಯ್ತು. ಆಗೆಲ್ಲ ಇಂಟರ್‌ನೆಟ್ ಎಲ್ಲಿತ್ತು? ಪುಸ್ತಕ ತರಿಸಿಕೊಂಡು ಓದಿ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯೋದು. ಈಗ ವಿಡಿಯೊ ಬಂದಿರೋದರಿಂದ ಎಲ್ಲವೂ ಎದುರಿಗೇ ನಡೀತಿದೆ ಅನ್ನೋ ಭ್ರಮೆ ಬಂದಿದೆ. ನಾನು ನಿವೃತ್ತಳಾದ ಮೇಲೆ ಫೋನಿನಲ್ಲೇ ಪಾಠ ಹೇಳ್ತಿದ್ದೀನಲ್ಲ, ಅದರಲ್ಲಿ ನನಗೆ ಮನದಟ್ಟಾಗಿರೋದು ಒಂದು ವಿಷಯ. ಯಾವುದು ತಂತಿ ದಾಟಿ ಹೋಗುತ್ತೆ, ಯಾವುದು ಹೋಗಲ್ಲ ಅಂತ ಗೊತ್ತಿಟ್ಟುಕೊಂಡು ಪಾಠ ಹೇಳಿದರೆ ಮಗು ಕಲಿಯುತ್ತೆ. ಗೊತ್ತಿಲ್ಲದೆ ಹೇಳಿದರೆ ಇಬ್ಬರ ಹೊತ್ತೂ ಹಾಳು. ಶ್ರುತಿ ದಾಟುತ್ತೆ. ತಾಳ ದಾಟಲ್ಲ.

ತಮ್ಮ: ಸ್ವಲ್ಪ ಬಿಡಿಸಿ ಹೇಳು.

ಅಕ್ಕ: ಮೊದಲ ಪಾಠವನ್ನೇ ತಗೋ. ಪುರಂದರದಾಸರು ಹಾಕಿಕೊಟ್ಟ ಕ್ರಮ ಅಂತ ಸಂಪ್ರದಾಯ ಹೇಳುತ್ತೆ, ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ. ಅದರಲ್ಲಿ ರಿಷಭ ಶುದ್ಧ, ಷಡ್ಜಕ್ಕೆ ಅಂಟಿದ ಹಾಗೆ ಕೆಳಗೆ ನಿಲ್ಲಬೇಕು. ಸಿನಿಮಾ ಹಾಡು ಕೇಳಿ ಬೆಳೆದ ಮಕ್ಕಳು ಅದನ್ನ ಏರಿಸಿಬಿಡ್ತಾರೆ. ಈ ತಪ್ಪು ನನಗೆ ಫೋನಿನಲ್ಲೂ ಸ್ಪಷ್ಟವಾಗಿ ಕೇಳುತ್ತೆ. ಸ್ವರ ಮೇಲಿದೆಯೋ ಕೆಳಗಿದೆಯೋ ಅನ್ನೋದು ಎಷ್ಟು ದೂರ ಹೋದರೂ ಬದಲಾಗಲ್ಲ. ಶಿರಸಿಯ ಮಗು ಹಾಡಿದರೂ ಸಿಡ್ನಿಯ ಮಗು ಹಾಡಿದರೂ ಅಪಸ್ವರ ಅಪಸ್ವರವೇ. ಆದ್ದರಿಂದ ಶ್ರುತಿ ತಿದ್ದೋದಕ್ಕೆ ಆನ್‌ಲೈನ್ ಧಾರಾಳವಾಗಿ ಸಾಕು.

ತಮ್ಮ: ತಾಳಕ್ಕೇನಾಯ್ತು?

ಅಕ್ಕ: ನಾನು ಹಾಡಿದ್ದು ಮಗುವಿಗೆ ತಲುಪಿ, ಮಗು ಹಾಡಿದ್ದು ನನಗೆ ವಾಪಸ್ ಬರೋ ಹೊತ್ತಿಗೆ ಕಾಲು ಸೆಕೆಂಡು ಕಳೆದಿರೋದು ವಿಡಿಯೊ ಕರೆಯಲ್ಲಿ ಮಾಮೂಲು. ಮಾತಾಡುವಾಗ ಗೊತ್ತಾಗಲ್ಲ. ಈಗ ಲೆಕ್ಕ ಹಾಕು. ಆದಿತಾಳ, ಒಂದು ಅಕ್ಷರಕ್ಕೆ ಒಂದು ಸೆಕೆಂಡು ಅಂತಿಟ್ಟುಕೋ. ಒಂದನೇ ಕಾಲದಲ್ಲಿ ಅಕ್ಷರಕ್ಕೆ ಒಂದು ಸ್ವರ, ಎರಡನೇ ಕಾಲದಲ್ಲಿ ಎರಡು, ಮೂರನೇ ಕಾಲದಲ್ಲಿ ನಾಲ್ಕು. ಮೂರನೇ ಕಾಲದಲ್ಲಿ ಒಂದೊಂದು ಸ್ವರಕ್ಕೆ ಸಿಗೋದು ಕಾಲು ಸೆಕೆಂಡು. ನಾನು ಗಾಂಧಾರಕ್ಕೆ ಬಂದಿರುವಾಗ ನನ್ನ ಕಿವಿಗೆ ಬೀಳೋದು ಮಗುವಿನ ರಿಷಭ. ಮಗುವಿನದೇನೂ ತಪ್ಪಿಲ್ಲ, ಅದು ನನಗೆ ಸರಿಯಾಗಿಯೇ ಹೊಂದಿಕೊಂಡು ಹಾಡ್ತಿದೆ. ನನ್ನ ಕಿವಿಗೆ ಮಾತ್ರ ಒಂದು ಸ್ವರ ಹಿಂದೆ. ಇದು ಗೊತ್ತಿಲ್ಲದ ಮೇಡಂ 'ಕಾಲ ಹಿಡಿ, ಕಾಲ ಹಿಡಿ' ಅಂತ ಗದರ್ತಾರೆ. ಮಗು ಅವಸರ ಮಾಡುತ್ತೆ. ಇದ್ದ ಲಯವೂ ಕೆಡುತ್ತೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ, ಅಲ್ವಾ? ಆ ಲೆಕ್ಕದಲ್ಲಿ ನಾನೂ ಮಗುವೂ ಮೈದಾನದಲ್ಲಿ ನಲವತ್ತು ಮೀಟರಿಗಿಂತ ಹೆಚ್ಚು ಅಂತರದಲ್ಲಿ ನಿಂತು ಒಟ್ಟಿಗೆ ಹಾಡಲು ಹೊರಟಂತೆ ಆಗುತ್ತೆ.

ತಮ್ಮ: ನೆಟ್ ಚೆನ್ನಾಗಿದ್ದರೂ ಹೀಗೇನಾ?

ಅಕ್ಕ: ಚೆನ್ನಾಗಿದ್ದರೆ ಕಡಿಮೆ ಆಗುತ್ತೆ, ಇಲ್ಲವಾಗಲ್ಲ. ಅದರ ಮೇಲೆ ಬ್ಲೂಟೂತ್ ಇಯರ್‌ಫೋನ್ ಹಾಕಿದರೆ ಇನ್ನಷ್ಟು ತಡ. ಇನ್ನೊಂದು ತೊಂದರೆ ಹೇಳ್ತೀನಿ ಕೇಳು, ನನಗೆ ಬಹಳ ನೋವು ಕೊಟ್ಟಿದ್ದು. ತಂಬೂರಿ ಹಾಕಿಕೊಂಡು ಪಾಠ ಶುರು ಮಾಡಿದರೆ ಆ ಕಡೆ ಮಗುವಿಗೆ ತಂಬೂರಿ ಕೇಳ್ತಾನೇ ಇರಲಿಲ್ಲ. ಮೊದಲ ಅರೆಗಳಿಗೆ ಕೇಳಿ ಆಮೇಲೆ ಮಾಯ. ಈ ಆ್ಯಪ್‌ಗಳು ಇರೋದು ಮಾತಿಗಾಗಿ. ಒಂದೇ ಸಮನೆ ಬರೋ ಶಬ್ದ ಯಾವುದಿದ್ದರೂ ಅದು ಫ್ಯಾನೋ ಏಸಿಯೋ ಇರಬೇಕು ಅಂತ ಅಳಿಸಿಹಾಕುತ್ತೆ. ನಮ್ಮ ಸಂಗೀತದ ಆಧಾರವೇ ಒಂದೇ ಸಮನೆ ಹೊಮ್ಮೋ ನಾದ. ಅದನ್ನ ಕಸ ಅಂತ ಗುಡಿಸಿ ಎಸೆದ ಮೇಲೆ ಮಗು ಯಾವುದಕ್ಕೆ ಸೇರಿಸಿ ಹಾಡಬೇಕು?

ತಮ್ಮ: ಹಾಗಾದರೆ ಏನು ಮಾಡಿದೆ?

ಅಕ್ಕ: ಜೂಮ್‌ನಲ್ಲಿ 'ಒರಿಜಿನಲ್ ಸೌಂಡ್' ಅಂತ ಒಂದು ಸೆಟ್ಟಿಂಗ್ ಇದೆ, ಸಂಗೀತಗಾರರಿಗೆ ಅಂತಲೇ ಇರೋದು. ಗದ್ದಲ ತೆಗೆಯೋ ಸೌಲಭ್ಯವನ್ನ ಆಫ್ ಮಾಡಬೇಕು. ಅದಕ್ಕಿಂತ ಮುಖ್ಯವಾಗಿ, ತಂಬೂರಿ ಮಗುವಿನ ಮನೆಯಲ್ಲೇ ನುಡಿಯಬೇಕು. ಶ್ರುತಿ ಪೆಟ್ಟಿಗೆ ಇರಲಿ, ಇನ್ನೊಂದು ಫೋನಿನಲ್ಲಿ ತಂಬೂರಿ ಆ್ಯಪ್ ಇರಲಿ, ಅದು ಮಗುವಿನ ಪಕ್ಕದಲ್ಲಿರಬೇಕು. ನಾನು ಇಲ್ಲಿ ಅದೇ ಶ್ರುತಿಗೆ ನನ್ನದನ್ನ ಇಟ್ಟುಕೊಳ್ತೀನಿ. ಒಟ್ಟಿಗೆ ಹಾಡೋದನ್ನ ಪೂರ್ತಿ ಬಿಟ್ಟೆ. ನಾನು ಒಂದು ಸಾಲು ಹೇಳ್ತೀನಿ, ಮಗು ಅದನ್ನ ಹೇಳುತ್ತೆ. ನಮ್ಮ ಪಾಠದ ಕ್ರಮವೇ ಅದಲ್ವಾ? ಗುರು ಹೇಳಿದ್ದನ್ನ ಶಿಷ್ಯ ತಿರುಗಿ ಹೇಳೋದು. ಆ ಪದ್ಧತಿ ಇದ್ದಿದ್ದಕ್ಕೇ ನಮ್ಮ ಸಂಗೀತ ಫೋನಿನಲ್ಲಿ ಇಷ್ಟಾದರೂ ನಿಂತಿದೆ ಅಂತ ನನ್ನ ನಂಬಿಕೆ. ತಾಳ ಮಾತ್ರ ಮಗುವೇ ತನ್ನ ಕೈಯಲ್ಲಿ ಹಾಕಬೇಕು. ನನಗೆ ಕೈ ಕಾಣೋ ಹಾಗೆ ಕ್ಯಾಮೆರಾ ಇಡಿ ಅಂತ ಮನೆಯವರಿಗೆ ಹೇಳ್ತೀನಿ. ಮುಖ ಕಾಣದಿದ್ದರೂ ಪರವಾಗಿಲ್ಲ.

ತಮ್ಮ: ಇಷ್ಟೆಲ್ಲ ಪಾಡುಪಡೋ ಬದಲು ಯೂಟ್ಯೂಬ್ ನೋಡಿ ಕಲಿತರೆ ಆಗಲ್ವಾ? ಸರಳೆಯಿಂದ ವರ್ಣದವರೆಗೆ ಎಲ್ಲ ಪುಕ್ಕಟೆ ಸಿಗುತ್ತೆ.

ಅಕ್ಕ: ಕೇಳಲಿ, ಎಷ್ಟು ಬೇಕಾದರೂ ಕೇಳಲಿ. ಒಳ್ಳೇ ಪಾಠಗಳಿವೆ. ಆದರೆ ಆ ರಿಷಭ ಏರಿತು ಅಂತ ಯಾರು ಹೇಳ್ತಾರೆ? ವಾರಗಟ್ಟಲೆ ತಪ್ಪು ಸ್ವರವನ್ನೇ ಗಟ್ಟಿ ಮಾಡಿಕೊಂಡು ಬಂದ ಮಕ್ಕಳನ್ನ ತಿದ್ದೋದು ಏನೂ ಬರದ ಮಕ್ಕಳಿಗೆ ಕಲಿಸೋದಕ್ಕಿಂತ ಕಷ್ಟ. ಆನ್‌ಲೈನ್‌ನಲ್ಲಿ ನನಗೆ ನಿಜವಾಗಿ ಸಿಕ್ಕ ಲಾಭ ಇನ್ನೊಂದಿದೆ, ಅದನ್ನ ಹೇಳ್ತೀನಿ. ರೆಕಾರ್ಡಿಂಗ್.

ತಮ್ಮ: ತರಗತಿಯನ್ನ ರೆಕಾರ್ಡ್ ಮಾಡಿ ಮತ್ತೆ ನೋಡೋದಾ?

ಅಕ್ಕ: ಅದಲ್ಲ. ಅದನ್ನ ಯಾರೂ ಮತ್ತೆ ನೋಡಲ್ಲ. ಮಗು ತಾನು ಹಾಡಿದ್ದನ್ನ ರೆಕಾರ್ಡ್ ಮಾಡಿ ನನಗೆ ಕಳಿಸೋದು. ಹೈಸ್ಕೂಲಿನಲ್ಲಿ ನನ್ನ ತರಗತಿಯಲ್ಲಿ ನಲವತ್ತು ಮಕ್ಕಳು, ವಾರಕ್ಕೆ ಎರಡು ಪೀರಿಯಡ್ಡು. ಒಂದೊಂದು ಮಗುವಿನ ಗಂಟಲು ಒಂಟಿಯಾಗಿ ನನ್ನ ಕಿವಿಗೆ ಬೀಳ್ತಿದ್ದದ್ದೇ ಅಪರೂಪ. ಈಗ ಪ್ರತಿ ಮಗುವೂ ದಿನಾ ರಾತ್ರಿ ಎರಡು ನಿಮಿಷದ ವಾಯ್ಸ್ ಮೆಸೇಜ್ ಕಳಿಸಬೇಕು ಅಂತ ನಿಯಮ. ಕಳಿಸೋ ಮುಂಚೆ ತಾನೇ ಕೇಳಬೇಕು. ಇದರಲ್ಲಿ ಗುಟ್ಟು ಏನು ಗೊತ್ತಾ? ಮಗು ಹಾಡಿ ಕೇಳುತ್ತೆ, ಇಷ್ಟವಾಗಲ್ಲ, ಅಳಿಸಿ ಮತ್ತೆ ಹಾಡುತ್ತೆ. ನನಗೆ ಬರೋದು ಒಂದೇ. ಅದರ ಹಿಂದೆ ಏಳೆಂಟು ಸಲ ಹಾಡಿರುತ್ತೆ. ಅಷ್ಟು ಸಲವೂ ತನ್ನ ತಪ್ಪನ್ನ ತಾನೇ ಹುಡುಕಿರುತ್ತೆ. ಲೈವ್ ಕ್ಲಾಸಿನ ಒಂದು ಗಂಟೆಗಿಂತ ಈ ಅರ್ಧ ಗಂಟೆಯಲ್ಲಿ ಮಗು ಹೆಚ್ಚು ಕಲಿಯುತ್ತೆ. ಮೂರನೇ ಕಾಲದ ಲಯ ಸರಿಯಿದೆಯೋ ಇಲ್ಲವೋ ಅಂತ ನಾನು ನೋಡೋದೂ ರೆಕಾರ್ಡಿಂಗ್‌ನಲ್ಲೇ, ಅಲ್ಲಿ ತಡದ ಕಾಟವಿಲ್ಲ.

ತಮ್ಮ: ಇದು ಒಪ್ಪೋ ಮಾತು. ಚಿತ್ರಕ್ಕೆ ಬರೋಣ. ಅದಕ್ಕೆ ತಾಳದ ಗೊಡವೆ ಇಲ್ಲ. ನೋಡಿ ಬರೆಯೋದು ತಾನೆ, ಕ್ಯಾಮೆರಾ ಇದ್ದರೆ ಸಾಕಲ್ವಾ?

ಅಕ್ಕ: ನಿಮ್ಮ ಭಾವನ ಮುಂದೆ ಈ ಮಾತು ಆಡಬೇಡ. ಕ್ಯಾಮೆರಾ ಅಂದರೆ ಅವರಿಗೆ ಆಗಲ್ಲ. ಮೊನ್ನೆ ಒಬ್ಬ ಹುಡುಗ ತಂಬಿಗೆಯ ಚಿತ್ರ ಕಳಿಸಿದ. ಬಾಯಿ ಅಗಲವಾಗಿ ಮೇಲಕ್ಕೆ ತೆರೆದುಕೊಂಡಿದೆ, ತಳ ಮೊನಚಾಗಿ ಸಣ್ಣಗೆ ಹೋಗಿದೆ. ಇವರು ಕೂಡಲೇ, 'ನೀನು ತಂಬಿಗೆ ನೋಡಿ ಬರೆದಿಲ್ಲ, ತಂಬಿಗೆಯ ಫೋಟೊ ನೋಡಿ ಬರೆದಿದ್ದೀಯ' ಅಂದರು. ಹುಡುಗ ಒಪ್ಪಿಕೊಂಡ. ಫೋನಿನ ಮಸೂರ ಅಗಲ ನೋಟದ್ದು. ಹತ್ತಿರ ಹಿಡಿದು ಮೇಲಿಂದ ತೆಗೆದರೆ ಹತ್ತಿರ ಇರೋದೆಲ್ಲ ದೊಡ್ಡದು, ದೂರ ಇರೋದೆಲ್ಲ ಸಣ್ಣದು. ಕಣ್ಣಿಗೆ ಹಾಗೆ ಕಾಣಲ್ಲ. ಪರೀಕ್ಷೆಯಲ್ಲಿ ಇಡೋದು ತಂಬಿಗೆಯನ್ನೇ ಹೊರತು ಫೋಟೊವನ್ನಲ್ಲ.

ತಮ್ಮ: ಭಾವ ಅದಕ್ಕೆ ಏನು ಉಪಾಯ ಮಾಡಿದ್ದಾರೆ?

ಅಕ್ಕ: ಕಿಟಕಿ ಪಕ್ಕ, ಬೆಳಕು ಒಂದೇ ಕಡೆಯಿಂದ ಬರೋ ಹಾಗೆ ತಂಬಿಗೆ ಇಡು ಅಂತಾರೆ. ಮೊದಲು ಅದನ್ನ ಕಣ್ಣಿನ ಮಟ್ಟಕ್ಕೆ ಎತ್ತಿಡಿಸ್ತಾರೆ. ಬಾಯಿ ಒಂದು ನೇರ ಗೆರೆಯಾಗಿ ಕಾಣುತ್ತೆ. ಆಮೇಲೆ ಸ್ಟೂಲಿನ ಮೇಲೆ ಇಡಿಸ್ತಾರೆ, ಗೆರೆ ಕಿರಿದಾದ ಅಂಡಾಕಾರವಾಗುತ್ತೆ. ನೆಲದ ಮೇಲೆ ಇಟ್ಟರೆ ಅಂಡಾಕಾರ ಅಗಲವಾಗುತ್ತೆ. ಮೂರನ್ನೂ ಒಂದೇ ಹಾಳೆಯಲ್ಲಿ ಬರೆಸ್ತಾರೆ. ಇದಕ್ಕೆ ಮೇಷ್ಟ್ರು ಪಕ್ಕದಲ್ಲಿ ಇರಬೇಕಾಗಿಲ್ಲ, ಮಗುವಿನ ಕಣ್ಣೇ ಪಾಠ ಹೇಳುತ್ತೆ. ಆಮೇಲೆ ಮುಗಿದ ಚಿತ್ರ ಒಂದನ್ನೇ ಕಳಿಸಿದರೆ ಅವರು ನೋಡಲ್ಲ. ಮೂರು ಫೋಟೊ ಬೇಕು: ಬರೀ ಅಳತೆಯ ಗೆರೆಗಳಿದ್ದಾಗ ಒಂದು, ಆಕಾರ ಬಂದಾಗ ಒಂದು, ನೆರಳು ತುಂಬಿದ ಮೇಲೆ ಒಂದು. ತಪ್ಪು ಆಗೋದು ಮೊದಲ ಐದು ನಿಮಿಷದಲ್ಲಿ. ಎತ್ತರಕ್ಕೂ ಅಗಲಕ್ಕೂ ಇರೋ ಪ್ರಮಾಣ ಅಲ್ಲೇ ಕೆಟ್ಟಿದ್ದರೆ ಆಮೇಲೆ ಎಷ್ಟು ಚೆಂದ ನೆರಳು ಕೊಟ್ಟರೂ ತಂಬಿಗೆ ವಾಲುತ್ತೆ. ಅದನ್ನ ಆ ಮೊದಲ ಫೋಟೊದಲ್ಲೇ ಹಿಡಿಯಬಹುದು. ಗೆರೆ ಫೋನಿನಲ್ಲಿ ಚೆನ್ನಾಗಿ ದಾಟುತ್ತೆ.

ತಮ್ಮ: ಬಣ್ಣ?

ಅಕ್ಕ: ಬಣ್ಣ ದಾಟಲ್ಲ. ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಒಂದು ಬಣ್ಣ, ಬಿಸಿಲಲ್ಲಿ ಇನ್ನೊಂದು. ಫೋನು ತನ್ನಷ್ಟಕ್ಕೆ ತಾನೇ ತಿದ್ದಿ ಹೊಳಪು ಕೊಡೋದು ಬೇರೆ. ಮಗು ಮಂಕಾದ ಮಣ್ಣಿನ ಬಣ್ಣ ಹಾಕಿದ್ದರೆ ಇವರಿಗೆ ಕಿತ್ತಳೆ ಕಾಣುತ್ತೆ. ಹಾಗಾಗಿ ಬಣ್ಣದ ವಿಷಯದಲ್ಲಿ ಇವರು ತೀರ್ಪು ಕೊಡೋದೇ ಇಲ್ಲ. ವರ್ಷಕ್ಕೆ ಎರಡು ಮೂರು ಸಲವಾದರೂ ಹಾಳೆಗಳನ್ನ ತಗೊಂಡು ಎದುರಿಗೆ ಬರಬೇಕು, ಇಲ್ಲದಿದ್ದರೆ ಹತ್ತಿರದ ಯಾರಾದರೂ ಡ್ರಾಯಿಂಗ್ ಮೇಷ್ಟ್ರಿಗೆ ತೋರಿಸಬೇಕು. ಇನ್ನೊಂದು ಕೆಲಸ ನೀನು ಮಾಡಬೇಕು. ಮೈಸೂರಿಗೆ ಬಂದಾಗ ಮಗಳನ್ನ ಜಗನ್ಮೋಹನ ಅರಮನೆಗೆ ಕರೆದುಕೊಂಡು ಹೋಗು.

ತಮ್ಮ: ದೀಪ ಹಿಡಿದ ಹೆಂಗಸಿನ ಚಿತ್ರಕ್ಕಾ? ಅದನ್ನ ಅವಳು ನೂರು ಸಲ ಫೋನಿನಲ್ಲಿ ನೋಡಿದ್ದಾಳೆ.

ಅಕ್ಕ: ಅದಕ್ಕೇ ಹೇಳ್ತಿರೋದು. ಹಲ್ದಂಕರ್ ಬರೆದ ಆ ಚಿತ್ರ ಜಲವರ್ಣ. ಜಲವರ್ಣದಲ್ಲಿ ಬೆಳಕು ಅಂದರೆ ಬಣ್ಣದಡಿಯ ಕಾಗದ. ಎಲ್ಲಿ ಬೆಳಕು ಬೇಕೋ ಅಲ್ಲಿ ಬಣ್ಣ ತೆಳ್ಳಗಾಗಬೇಕು, ಕಾಗದ ಹೊಳೀಬೇಕು. ಬೆರಳುಗಳ ಸಂದಿಯಲ್ಲಿ ಕಾಣೋ ಆ ಕೆಂಪು, ಮುಖದ ಮೇಲಿನ ಆ ಹೊಂಬಣ್ಣ ಹಾಗೆ ಬಂದದ್ದು. ಫೋನಿನಲ್ಲಿ ನೋಡೋ ಮಗುವಿಗೆ ಇದು ಹೇಗೆ ತಿಳಿಯಬೇಕು? ಪರದೆಯ ಹಿಂದೆ ಬೆಳಕು ಇದ್ದೇ ಇದೆ, ಎಲ್ಲ ಚಿತ್ರವೂ ಹೊಳೆಯುತ್ತೆ. ಹಿಂದೆ ಯಾವ ಬೆಳಕೂ ಇಲ್ಲದ ಒಂದು ಹಾಳೆ ಹಾಗೆ ಹೊಳೆಯೋದನ್ನ ಮಗು ಒಂದು ಸಲ ತನ್ನ ಕಣ್ಣಾರೆ ಕಂಡರೆ ಮುಂದೆ ಕುಂಚದಲ್ಲಿ ನೀರು ಎಷ್ಟು, ಬಣ್ಣ ಎಷ್ಟು ಅನ್ನೋ ವಿವೇಕ ತಾನಾಗಿ ಬರುತ್ತೆ. ಪಠ್ಯದಲ್ಲಿ ಅಜಂತಾ ಇದ್ದರೆ ಬಾದಾಮಿಯ ಗುಹೆಗಳನ್ನ ತೋರಿಸು. ಮಲೆನಾಡಿನ ಕಡೆ ವರ್ಗವಾದರೆ ದೀವರ ಹೆಂಗಸರು ಗೋಡೆ ಮೇಲೆ ಬರೆಯೋ ಚಿತ್ತಾರ ತೋರಿಸು. ನಿನ್ನ ವರ್ಗಾವಣೆಯನ್ನ ಶಾಪ ಅಂದುಕೊಂಡಿದ್ದೀಯಲ್ಲ, ಚಿತ್ರ ಕಲಿಯೋ ಮಗುವಿಗೆ ಅದು ಲಾಭ.

ತಮ್ಮ: ಅಕ್ಕ, ಒಂದು ಕೊರತೆಯನ್ನ ನೀನು ಹೇಳಲೇ ಇಲ್ಲ. ಗೆಳತಿಯರು. ನಾವು ಶಾಲೆಯಲ್ಲಿ ಹಾಡಿದ್ದು ಅಂದರೆ ಗುಂಪಿನಲ್ಲಿ ತಾನೆ? ಇವಳು ಒಬ್ಬಳೇ ಕೋಣೆ ಬಾಗಿಲು ಹಾಕಿಕೊಂಡು ಹಾಡ್ತಾಳೆ.

ಅಕ್ಕ: ನಿಜ, ಅದು ದೊಡ್ಡ ನಷ್ಟ, ನಾನು ಅದನ್ನ ಮುಚ್ಚಿಡಲ್ಲ. 2010ರಲ್ಲಿ ಎರಿಕ್ ವಿಟೇಕರ್ ಅನ್ನೋ ಅಮೆರಿಕದ ಸಂಗೀತ ಸಂಯೋಜಕ 12 ದೇಶಗಳ 185 ದನಿಗಳನ್ನ ಸೇರಿಸಿ ಒಂದು ವರ್ಚುಯಲ್ ಕಾಯರ್ ಮಾಡಿದ. ಲಕ್ಷಾಂತರ ಜನ ನೋಡಿದರು. ಕೇಳೋದಕ್ಕೆ ಬಹಳ ಇಂಪಾಗಿದೆ. ಆದರೆ ಅವರು ಯಾರೂ ಒಟ್ಟಿಗೆ ಹಾಡಿರಲಿಲ್ಲ. ಒಬ್ಬೊಬ್ಬರೂ ತಮ್ಮ ಮನೆಯಲ್ಲಿ ಒಂಟಿಯಾಗಿ ಹಾಡಿ ಕಳಿಸಿದ್ದನ್ನ ಆಮೇಲೆ ಜೋಡಿಸಿದ್ದು. ಪಕ್ಕದವಳ ಉಸಿರು ಕೇಳಿ ನಾವು ಉಸಿರು ತಗೊಳ್ಳೋದು ಇದೆಯಲ್ಲ, ಅದು ಜೋಡಣೆಯಲ್ಲಿ ಬರಲ್ಲ. ಅದಕ್ಕೆ ನನ್ನ ಪರಿಹಾರ ಎರಡು. ಒಂದೇ ಮಗುವಿಗೆ ಪಾಠ ಹೇಳಲ್ಲ, ಮೂರು ನಾಲ್ಕು ಮಕ್ಕಳನ್ನ ಸೇರಿಸ್ತೀನಿ. ಒಬ್ಬಳನ್ನ ತಿದ್ದುವಾಗ ಉಳಿದವರು ಕೇಳ್ತಾರೆ. ಬೇರೆಯವರ ತಪ್ಪು ಕೇಳಿಸಿಕೊಂಡ ಕಿವಿ ಬೇಗ ಹದಗೊಳ್ಳುತ್ತೆ. ಎರಡನೆಯದು, ಮನೆ ಹತ್ತಿರ ಯಾವುದಾದರೂ ಭಜನಾ ಮಂಡಳಿಯೋ ಯಕ್ಷಗಾನದ ತಂಡವೋ ಇದ್ದರೆ ವಾರಕ್ಕೊಮ್ಮೆ ಕಳಿಸಿ ಅಂತ ತಂದೆ ತಾಯಿಗೆ ಹೇಳ್ತೀನಿ. ಅಲ್ಲಿ ಶಾಸ್ತ್ರ ಸ್ವಲ್ಪ ಹಿಂದೆ ಮುಂದೆ ಇದ್ದರೂ ಇರಲಿ, ಹತ್ತು ಜನರ ಜತೆ ತಾಳದಲ್ಲಿ ನಿಲ್ಲೋದು ಬರುತ್ತೆ.

ತಮ್ಮ: ಇಷ್ಟು ಕಷ್ಟಪಟ್ಟರೆ ಮುಂದೆ ಓದಿಗೆ ಉಪಯೋಗ ಆಗುತ್ತಾ? ಅಪ್ಪನಾಗಿ ಅದನ್ನೂ ಯೋಚಿಸಬೇಕಲ್ಲ.

ಅಕ್ಕ: ಯೋಚಿಸು, ತಪ್ಪಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆ ಬೇರೆ, ವಿಜ್ಞಾನ ಬೇರೆ, ಪಠ್ಯ ಬೇರೆ, ಪಠ್ಯೇತರ ಬೇರೆ ಅನ್ನೋ ಗೋಡೆ ಇರಬಾರದು ಅಂತ ಹೇಳಿದೆ. ಕಾಗದದ ಮೇಲೆ ಬಂದದ್ದು ಎಲ್ಲ ಕಡೆ ನಡೆಯೋಕೆ ಹೊತ್ತು ಬೇಕು. ನನ್ನ ಹತ್ತಿರ ಬೆಳಗಿನ ಪಾಠಕ್ಕೆ ಕ್ಯಾಲಿಫೋರ್ನಿಯಾದ ಇಬ್ಬರು ಕನ್ನಡದ ಮಕ್ಕಳು ಬರ್ತಾರೆ, ಅವರಿಗೆ ಅದು ಹಿಂದಿನ ದಿನದ ಸಂಜೆ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಸೇರಬೇಕಾದರೆ ಹೈಸ್ಕೂಲಿನಲ್ಲಿ ಒಂದು ವರ್ಷ ಚಿತ್ರವೋ ಸಂಗೀತವೋ ನೃತ್ಯವೋ ನಾಟಕವೋ ಓದಿರಲೇಬೇಕು. ಎಂಜಿನಿಯರಿಂಗ್‌ಗೆ ಹೋಗೋನಿಗೂ ಅದೇ ನಿಯಮ. ನನ್ನ ಪಾಠ ಆ ಲೆಕ್ಕಕ್ಕೆ ಬರಲ್ಲ, ಅದಕ್ಕೆ ಅವರ ಶಾಲೆಯ ತರಗತಿಯೇ ಆಗಬೇಕು. ಇಲ್ಲಿ ನಿನ್ನ ಮಗಳಿಗೆ ಅಂಕಪಟ್ಟಿಯಲ್ಲೇ ಆ ವಿಷಯ ಬರೋ ಅವಕಾಶ ಇರುವಾಗ ನೀನು ಅಡ್ಡ ನಿಲ್ಲಬೇಡ.

ತಮ್ಮ: ಎರಡರಲ್ಲಿ ಯಾವುದು ಅಂತ ನೀನೇ ಹೇಳಿಬಿಡು.

ಅಕ್ಕ: ಅದನ್ನ ನಾನು ಹೇಳಲ್ಲ, ನೀನೂ ಹೇಳಬೇಡ. ಯಾರೂ ಹೇಳದೆಯೇ ಅವಳು ದಿನಾ ಯಾವುದಕ್ಕೆ ಕೂರ್ತಾಳೆ ಅಂತ ಗಮನಿಸು. ದಿನಕ್ಕೆ ಅರ್ಧ ಗಂಟೆ ಪರದೆ ಆರಿಸಿ ಅಭ್ಯಾಸ ಮಾಡೋದು ಯಾವುದಕ್ಕೆ ಸಾಧ್ಯವೋ ಅದನ್ನ ತಗೋ. ಡೇಟಾ ಎಂಟ್ರಿಯನ್ನೂ ಬಿಡಬೇಕಾಗಿಲ್ಲ. ಐದು ವಿಷಯದ ಮೇಲೆ ಇನ್ನೂ ಎರಡನ್ನ ಹೆಚ್ಚುವರಿಯಾಗಿ ತಗೊಳ್ಳೋಕೆ ಅವಕಾಶ ಇದೆ. ನೋಂದಣಿ ಐದು ವರ್ಷ ಊರ್ಜಿತ, ಒಂಬತ್ತು ಸಲ ಪರೀಕ್ಷೆಗೆ ಕೂರಬಹುದು. ಅವಸರ ಏನಿದೆ?

ತಮ್ಮ: ಮತ್ತೆ ಪಾಠಕ್ಕೆ ಯಾರನ್ನ ಹುಡುಕಲಿ? ನೀನು ಹೇಳಿದರೆ ಅವಳು ಅತ್ತೆ ಅಂತ ಸಲುಗೆ ತಗೊಳ್ತಾಳೆ.

ಅಕ್ಕ: ಹೊರಗಿನವರನ್ನೇ ಹುಡುಕು. ಜಾಹೀರಾತು ನೋಡಿ ಸೇರಿಸಬೇಡ, ಒಂದು ತರಗತಿಗೆ ನೀನೂ ಪಕ್ಕದಲ್ಲಿ ಕೂರು. ಒಂದು ಗಂಟೆಯಲ್ಲಿ ಮೇಷ್ಟ್ರು ಎಷ್ಟು ಹೊತ್ತು ಹಾಡಿದರು, ಮಗುವಿನಿಂದ ಎಷ್ಟು ಹೊತ್ತು ಹಾಡಿಸಿದರು ಅಂತ ನೋಡು. ಚಿತ್ರದ ಪಾಠವಾದರೆ ಮಗು ಬರೆದದ್ದನ್ನ ಕೇಳಿ ತರಿಸಿಕೊಂಡು ನೋಡಿದರಾ ಅಂತ ನೋಡು. ಎಷ್ಟು ಮಕ್ಕಳಿದ್ದಾರೆ ಅಂತ ಕೇಳು. ಐವತ್ತು ಅಂದರೆ ಎದ್ದು ಬಾ. ವಾರದ ನಡುವೆ ರೆಕಾರ್ಡಿಂಗ್ ಕಳಿಸಿದರೆ ಕೇಳ್ತಾರಾ, ಕೇಳಿ ಉತ್ತರ ಕೊಡ್ತಾರಾ ಅಂತ ಬಾಯಿಬಿಟ್ಟು ಕೇಳು. ಕೇಳಲ್ಲ ಅನ್ನೋರಿಗೆ ಶುಲ್ಕ ಕಟ್ಟಬೇಡ.